ಎಲೆ ಸುಡುವುದನ್ನು ಇನ್ನಾದರೂ ನಿಲ್ಲಿಸಿ

ಬೇಸಿಗೆ ಹತ್ತಿರ ಬಂತು ಅಂದರೆ ನಮ್ಮ ಬಾಗಲಕೋಟೆ ನವನಗರದಲ್ಲಿ ಬೇವು, ಹೊಂಗೆ ಎಲ್ಲಾ ಎಲೆ ಉದುರಿಸುತ್ತವೆ. ಅದರ ಬೆನ್ನಿಗೇ ಹೊಗೆ ಶುರು. ಮುಂಜಾನೆ ರಸ್ತೆ ಗುಡಿಸುತ್ತಾರೆ, ಎಲೆಯನ್ನು ಮರದ ಬುಡದಲ್ಲೇ ಗುಡ್ಡೆ ಹಾಕುತ್ತಾರೆ, ಕಡ್ಡಿ ಗೀರುತ್ತಾರೆ. ಕೆಲಸ ಮುಗೀತು. ಮಧ್ಯಾಹ್ನದವರೆಗೂ ಅದು ಒಳಗೊಳಗೇ ಉರಿಯುತ್ತಾ ಕೂತಿರುತ್ತದೆ. ಮರದ ತೊಗಟೆ ಕೂಡ ಸುಟ್ಟು ಕಪ್ಪಾಗಿರುತ್ತದೆ.

ನನ್ನ ಅತ್ತೆಗೆ ಅಸ್ತಮಾ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಅವರು ಮುಂಜಾನೆ ಹೊರಗೆ ಕಾಲಿಡುವ ಹಾಗಿಲ್ಲ. ಕಿಟಕಿ ಮುಚ್ಚಿದರೂ ಆ ವಾಸನೆ ಒಳಗೆ ಬರುತ್ತದೆ. ಮುಂಜಾನೆಯ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡಿರುತ್ತದೆ, ಹೊಗೆ ಮೇಲಕ್ಕೆ ಹೋಗುವುದೇ ಇಲ್ಲ. ಸರಿಯಾಗಿ ಅದೇ ಹೊತ್ತಿಗೆ ಮಕ್ಕಳು ಶಾಲೆಗೆ ಹೊರಡುತ್ತಾರೆ, ವಯಸ್ಸಾದವರು ವಾಕಿಂಗ್ ಬರುತ್ತಾರೆ. ಇಡೀ ದಿನದಲ್ಲಿ ಬೆಂಕಿ ಹಚ್ಚೋಕೆ ಇವರಿಗೆ ಸಿಗುವುದು ಅದೊಂದೇ ಹೊತ್ತು.

ದೂರು ಕೊಡಲು ಹೋದರೆ ಮೇಜಿನ ಆಚೆ ಕೂತವರು ಹೇಳಿದ್ದು, "ಒಣ ಎಲಿ ಅಲ್ರೀ, ಏನಾಗ್ತದ?" ಅಂತ. ಬರೀ ಒಣ ಎಲೆಯಂತೆ! ಆ ಗುಡ್ಡೆಯಲ್ಲಿ ಗುಟ್ಕಾ ಚೀಟಿ ಇರುತ್ತದೆ, ಹಾಲಿನ ಪಾಕೀಟು ಇರುತ್ತದೆ, ಕ್ಯಾರಿಬ್ಯಾಗ್ ಇರುತ್ತದೆ, ಕೆಲವು ಸಲ ಮಕ್ಕಳ ಡೈಪರ್ ಕೂಡ. ಎಲ್ಲಾ ಒಟ್ಟಿಗೆ ಉರಿಯುತ್ತದೆ. ಪ್ಲಾಸ್ಟಿಕ್ಕೇ ಇಲ್ಲ ಅಂತಲೇ ಇಟ್ಟುಕೊಳ್ಳೋಣ. ಅರೆಬರೆ ಉರಿಯುವ ಎಲೆಯ ಹೊಗೆಯಲ್ಲೂ ಕಾರ್ಬನ್ ಮಾನಾಕ್ಸೈಡ್ ಇದೆ, ಶ್ವಾಸಕೋಶದ ಆಳಕ್ಕೆ ಇಳಿಯುವ ಸಣ್ಣ ಕಣಗಳಿವೆ. "ಏನಾಗ್ತದ" ಅನ್ನುವವರು ಒಂದು ಮುಂಜಾನೆ ಬಂದು ನಮ್ಮ ಅತ್ತೆಯ ಪಕ್ಕ ಕೂತು ನೋಡಲಿ.

ಇನ್ನೊಬ್ಬರು ಬುದ್ಧಿ ಹೇಳಿದರು, ಬೂದಿನೂ ಗೊಬ್ಬರನೇ ಅಂತ. ಯಾವ ಮಣ್ಣಿಗೆ ಸ್ವಾಮಿ? ಬೂದಿ ಕ್ಷಾರ. ನಮ್ಮ ಎರಿ ಭೂಮಿ ಮೊದಲೇ ಕ್ಷಾರದ ಕಡೆಗಿರುವ ಮಣ್ಣು. ಅದಕ್ಕೆ ಬೇಕಾಗಿರುವುದು ಸಾವಯವ ಅಂಶ, ಅದನ್ನೇ ನೀವು ಸುಡುತ್ತಿದ್ದೀರಿ. ಎಲೆಯಲ್ಲಿದ್ದ ಇಂಗಾಲ, ಸಾರಜನಕ ಹೊಗೆಯಾಗಿ ಹೋಗುತ್ತದೆ. ಉಳಿದ ಒಂದಿಷ್ಟು ಬೂದಿಯೂ ಗಾಳಿಗೆ ಹಾರಿ ಚರಂಡಿ ಸೇರುತ್ತದೆ. ಯಾರ ಹೊಲಕ್ಕೂ ಹೋಗುವುದಿಲ್ಲ.

ಇದು ನಾನೊಬ್ಬಳೇ ಕೂಗಾಡುವ ವಿಷಯ ಅಲ್ಲ, ಕಾನೂನಿನಲ್ಲೇ ಇದೆ. 2016ರಲ್ಲಿ ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳನ್ನು ತೆಗೆದು ಓದಿ. ರಸ್ತೆ ಗುಡಿಸಿದ ಎಲೆಯನ್ನು ಸುಡಬಾರದು, ಬೇರೆಯಾಗಿ ಕೂಡಿಟ್ಟು ಕಸ ಒಯ್ಯುವವರಿಗೆ ಕೊಡಬೇಕು ಅಂತ ಗುಡಿಸುವವರಿಗೆ ಹೇಳುವುದು ಸ್ಥಳೀಯ ಆಡಳಿತದ ಕೆಲಸ ಅಂತ ಅದರಲ್ಲಿ ನೇರವಾಗಿ ಬರೆದಿದ್ದರು. ಪಾರ್ಕಿನ ಕಸವನ್ನು ಆದಷ್ಟು ಪಾರ್ಕಿನಲ್ಲೇ ಗೊಬ್ಬರ ಮಾಡಿ ಅಂತಲೂ ಇತ್ತು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಕಸದ ವಿಷಯಕ್ಕೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. ಅದೇ ಪ್ರಕರಣದಲ್ಲಿ 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಹೇಳಿತು. ನಮ್ಮ ಬೀದಿಯಲ್ಲಿ ಯಾರಾದರೂ ದಂಡ ಕಟ್ಟಿದ್ದನ್ನು ನಾನಂತೂ ನೋಡಿಲ್ಲ. ತಡೆಯಬೇಕಾದವರ ಕಡೆಯಿಂದಲೇ ಬೆಂಕಿ ಬಿದ್ದರೆ ದಂಡ ಹಾಕುವವರು ಯಾರು?

ಆದರೆ ನನಗೆ ನಿಜವಾಗಲೂ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ.

ಹಸಿ ಕಸದ ಗಾಡಿಯಲ್ಲಿ ಏನಾಗುತ್ತದೆ ನೋಡಿದ್ದೀರಾ? ಅನ್ನ, ಸಾರು, ಕಾಯಿಪಲ್ಲೆ ಸಿಪ್ಪೆ, ಕಲ್ಲಂಗಡಿ ಸಿಪ್ಪೆ ಎಲ್ಲಾ ಸೇರಿ ನೀರು ಸೋರುತ್ತಿರುತ್ತದೆ. ಅದನ್ನು ಹಾಗೇ ರಾಶಿ ಹಾಕಿದರೆ ಒಳಗೆ ಗಾಳಿ ಆಡುವುದಿಲ್ಲ. ಕೊಳೆತು ನಾರುತ್ತದೆ, ಹುಳ ಬೀಳುತ್ತದೆ, ಮೀಥೇನ್ ಏಳುತ್ತದೆ. ಗೊಬ್ಬರ ಆಗಬೇಕು ಅಂದರೆ ಅದಕ್ಕೆ ಒಣಗಿದ ವಸ್ತು ಬೇಕೇ ಬೇಕು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇರಬೇಕು ಅನ್ನುವುದು ಲೆಕ್ಕ. ಅಡುಗೆಮನೆ ಕಸದಲ್ಲಿ ಅಷ್ಟು ಇಂಗಾಲ ಇಲ್ಲ. ಒಣ ಎಲೆಯಲ್ಲಿ ಬೇಕಾದಷ್ಟಿದೆ. ಎರಡನ್ನೂ ಪದರ ಪದರವಾಗಿ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ಆಗಾಗ ತಿರುವಿದರೆ ಸಾಕು. ರಾಶಿ ತಾನೇ 55, 60 ಡಿಗ್ರಿ ಬಿಸಿಯಾಗುತ್ತದೆ. ಕಳೆಯ ಬೀಜ, ರೋಗಾಣು ಎಲ್ಲಾ ಅದರಲ್ಲೇ ಸಾಯುತ್ತವೆ. ಎರಡು ಮೂರು ತಿಂಗಳಿಗೆ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಕೈಗೆ ಬರುತ್ತದೆ. ನಮ್ಮ ಹಿತ್ತಲಿನಲ್ಲಿ ನಾನು ಮಾಡುತ್ತಿರುವುದು ಇದನ್ನೇ. ನಾತ ಅಂತ ಪಕ್ಕದ ಮನೆಯವರು ಒಮ್ಮೆಯೂ ಹೇಳಿಲ್ಲ.

ಅಂದರೆ ಗೊಬ್ಬರಕ್ಕೆ ಬೇಕಾದ ಎರಡೂ ಒಂದೇ ಬೀದಿಯಲ್ಲಿವೆ. ಒಂದನ್ನು ಸುಡುತ್ತಾರೆ, ಇನ್ನೊಂದನ್ನು ಪ್ಲಾಸ್ಟಿಕ್ ಜೊತೆ ಬೆರೆಸಿ ಊರ ಹೊರಗೆ ಸುರಿಯುತ್ತಾರೆ. ಇಲ್ಲಿಂದ ಸ್ವಲ್ಪ ದೂರದಲ್ಲಿ ದಾಳಿಂಬೆ, ದ್ರಾಕ್ಷಿ ಬೆಳೆಯುವ ರೈತರು ಟ್ರ್ಯಾಕ್ಟರ್‌ಗಟ್ಟಲೆ ತಿಪ್ಪಿಗೊಬ್ಬರ ದುಡ್ಡು ಕೊಟ್ಟು ತರಿಸುತ್ತಾರೆ. ತೋಟಗಾರಿಕೆ ವಿಶ್ವವಿದ್ಯಾಲಯವೇ ಇರುವ ಊರು ಇದು. ಗೊಬ್ಬರದ ಬೆಲೆ ಗೊತ್ತಿಲ್ಲದ ಜನ ಅಲ್ಲ ನಾವು. ಆಲಮಟ್ಟಿ ಹಿನ್ನೀರು ಬಂದು ಹಳೇ ಊರು ಬಿಟ್ಟು ಇಲ್ಲಿಗೆ ಬಂದ ಹಿರಿಯರನ್ನು ಕೇಳಿ. ಅವರ ಕಾಲದಲ್ಲಿ ದನದ ಮನೆ ಕಸ, ಒಣ ಎಲೆ, ಬೂದಿ, ಸಗಣಿ ಎಲ್ಲಾ ತಿಪ್ಪಿಗೇ ಹೋಗುತ್ತಿತ್ತು, ಮಳೆಗಾಲಕ್ಕೆ ಮುಂಚೆ ಹೊಲ ಸೇರುತ್ತಿತ್ತು. ನವನಗರದಲ್ಲಿ ಸೆಕ್ಟರ್ ಮಾಡಿದರು, ಅಗಲ ರಸ್ತೆ ಮಾಡಿದರು, ಸಾಲು ಮರ ನೆಟ್ಟರು. ಮರ ಅಂದಮೇಲೆ ಎಲೆ ಉದುರುತ್ತದೆ ಅಲ್ವಾ? ಅದಕ್ಕೊಂದು ಜಾಗ ಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ನನ್ನ ಸಿಟ್ಟು ಗುಡಿಸುವ ಅಕ್ಕಂದಿರ ಮೇಲಲ್ಲ. ನಮಗಿಂತ ಜಾಸ್ತಿ ಹೊಗೆ ಕುಡಿಯುವವರು ಅವರೇ. ಕೇಳಿದರೆ ಒಬ್ಬರು ಹೇಳಿದರು, "ಗಾಡಿ ಎಲಿ ಒಯ್ಯಂಗಿಲ್ರೀ. ಬಿಟ್ರ ಗಾಳಿಗೆ ಹಾರಿ ಮತ್ತ ನಾವ ಉಡಗಬೇಕು. ಸೂಪರ್‌ವೈಜರ್ ಬಂದು ಬೈತಾನ." ಅವರಿಗೆ ಒಂದು ಚೀಲ ಕೊಟ್ಟಿಲ್ಲ, ಕೈಗವಸು ಕೊಟ್ಟಿಲ್ಲ, ಎಲೆ ಹಾಕಲು ಜಾಗ ತೋರಿಸಿಲ್ಲ. ರಸ್ತೆ ಮಾತ್ರ ಒಂಬತ್ತು ಗಂಟೆಗೆ ಸ್ವಚ್ಛ ಕಾಣಬೇಕು. ಅವರು ಇನ್ನೇನು ಮಾಡಬೇಕು?

ಸಿಟ್ಟು ಬರುವುದು ನಮ್ಮವರ ಮೇಲೆ. ಎರಡು ಅಂತಸ್ತಿನ ಮನೆ ಕಟ್ಟಿಸಿದವರು ಕಾಂಪೌಂಡಿನ ಎಲೆಯನ್ನು ರಸ್ತೆಗೆ ನೂಕಿ ತಾವೇ ಕಡ್ಡಿ ಗೀರುತ್ತಾರೆ. ಸೊಳ್ಳೆ ಹೋಗುತ್ತದೆ ಅಂತ ಸಮಜಾಯಿಷಿ ಬೇರೆ. ಇನ್ನು ಕೆಲವರು ಎಲೆಯ ಕಾಟ ತಡೆಯೋಕಾಗಲ್ಲ ಅಂತ ಬೇವಿನ ಮರವನ್ನೇ ಕಡಿಸಲು ಓಡಾಡುತ್ತಿದ್ದಾರೆ. ಏಪ್ರಿಲ್ ಬಿಸಿಲಿನಲ್ಲಿ ಕಾರು ನಿಲ್ಲಿಸಲು ಅದೇ ಮರದ ನೆರಳು ಬೇಕು ಅವರಿಗೆ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ಕೋಟಿಗಟ್ಟಲೆ ಯಂತ್ರ ಬೇಡ. ಪ್ರತಿ ಪಾರ್ಕಿನ ಒಂದು ಮೂಲೆಯಲ್ಲಿ ತಂತಿ ಜಾಲರಿ ಸುತ್ತಿದ ನಾಲ್ಕು ಅಡಿಯ ಗೂಡು. ಎಲೆ ಉದುರುವ ಎರಡು ತಿಂಗಳು ವಾರಕ್ಕೆ ಎರಡು ಸಲ ಎಲೆಗೆಂದೇ ಒಂದು ಗಾಡಿ. ಗುಡಿಸುವವರಿಗೆ ಗಟ್ಟಿ ಚೀಲ, ಕೈಗವಸು. ಗೊಬ್ಬರ ಆದಮೇಲೆ ಅದೇ ಪಾರ್ಕಿನ ಗಿಡಗಳಿಗೆ ಹಾಕಿ, ಉಳಿದರೆ ರೈತರಿಗೆ ಕೊಡಿ.

ಈ ಸಲ ಬಾಯಿಮಾತಿನ ದೂರು ಬೇಡ ಅಂತ ನಾವು ಕೆಲವರು ಸೇರಿ ಲಿಖಿತ ಅರ್ಜಿ ಕೊಡುತ್ತಿದ್ದೇವೆ, ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಬರುತ್ತೇವೆ. ನಿಮ್ಮ ಬೀದಿಯಲ್ಲೂ ಸುಡುತ್ತಿದ್ದರೆ ಫೋಟೋ ತೆಗೆದಿಡಿ. ದಿನಾಂಕ, ಸಮಯ, ಜಾಗ ಬರೆದಿರಲಿ. ಗುಡಿಸುವವರ ಮುಖ ಮಾತ್ರ ಫೋಟೋದಲ್ಲಿ ಬೀಳಬಾರದು.