ರೂತ್ ಬ್ರೌನ್ ಹೆಸರಿನ ಖಾತೆಯಲ್ಲಿ ಇದ್ದದ್ದು ಸಾಲ!

ಅಮೆರಿಕದ ಗಾಯಕಿ ರೂತ್ ಬ್ರೌನ್ ಹೆಸರು ಕೇಳದವರು ಮೊದಲು 'ಮಾಮಾ, ಹಿ ಟ್ರೀಟ್ಸ್ ಯುವರ್ ಡಾಟರ್ ಮೀನ್' ಹಾಡನ್ನು ಹುಡುಕಿ ಹಾಕಿಕೊಳ್ಳಿ. ಮಾಮಾ ಅಂದರೆ ಇಲ್ಲಿ ಅಮ್ಮ, ಸೋದರಮಾವ ಅಲ್ಲ. ಈ ಗಂಡಸು ನಿನ್ನ ಮಗಳನ್ನು ಗೋಳುಹೊಯ್ದುಕೊಳ್ಳುತ್ತಿದ್ದಾನೆ ಅಂತ ಅಮ್ಮನ ಹತ್ತಿರ ದೂರು ಹೇಳುವ ಹಾಡು. ಆ 'ಮಾಮಾ' ಅನ್ನುವ ಪದವೊಂದನ್ನೇ ಎರಡು ಮೂರು ಸಲ ಕೇಳಿ. ಪದ ಮುಗಿಯುವ ಜಾಗದಲ್ಲಿ ದನಿ ತಟಕ್ಕನೆ ಮೇಲೆ ಹಾರಿ ಸಣ್ಣಗೆ ಸೀಳುತ್ತದೆ. ಗಮಕ ಅಲ್ಲ, ಶ್ರುತಿ ತಪ್ಪಿದ್ದೂ ಅಲ್ಲ. ಅಳು ಇನ್ನೇನು ಬಂತು ಅನ್ನುವಾಗ ಗಂಟಲು ಮಾಡುವ ಸದ್ದನ್ನು ತಾಳಕ್ಕೆ ಸರಿಯಾಗಿ ಕೂರಿಸಿದ್ದು ಅದು. 'ಲೂಸಿಲ್' ಹಾಡಿನಲ್ಲಿ ಹೆಸರಿನ ಕೊನೆಗೆ ತಾನು ಹಾಕುವ ಎಳೆತ ರೂತ್ ಬ್ರೌನ್‌ಳಿಂದ ಕಲಿತದ್ದು ಅಂತ ರಾಕ್ ಅಂಡ್ ರೋಲ್ ಗಾಯಕ ಲಿಟಲ್ ರಿಚರ್ಡ್ ತಾನೇ ಹೇಳಿಕೊಂಡಿದ್ದಾನೆ.

ಆ ದನಿಯನ್ನು ಹೊಗಳಿ ಬರೆದವರಿಗೇನೂ ಕಮ್ಮಿ ಇಲ್ಲ. ನನ್ನ ತಕರಾರು ಇಷ್ಟೇ. ಆಕೆಯ ಕಥೆ ಹೇಳುವವರು ಹಿಟ್ ಹಾಡು, ಕಷ್ಟದ ದಿನ, ಮತ್ತೆ ಬಂದ ವೈಭವ ಅಂತ ಸಿನಿಮಾ ಥರ ಹೇಳಿ ಮುಗಿಸಿಬಿಡುತ್ತಾರೆ. ಆ ಕಷ್ಟದ ದಿನಗಳು ಹಣೆಬರಹದಿಂದ ಬಂದದ್ದಲ್ಲ, ಲೆಕ್ಕದ ಪುಸ್ತಕದಿಂದ ಬಂದದ್ದು. ಅದನ್ನು ಬಿಟ್ಟರೆ ರೂತ್ ಬ್ರೌನ್ ಕಥೆ ಅರ್ಧ ಹೇಳಿದ ಹಾಗೆ.

ಹುಟ್ಟಿದ್ದು 1928ರ ಜನವರಿ 12, ವರ್ಜೀನಿಯಾದ ಪೋರ್ಟ್ಸ್‌ಮತ್ ಎಂಬ ಬಂದರು ಊರು. ಏಳು ಮಕ್ಕಳಲ್ಲಿ ಹಿರಿಯಳು. ಅಪ್ಪ ಹಡಗುಕಟ್ಟೆಯಲ್ಲಿ ಕೂಲಿ, ಚರ್ಚಿನಲ್ಲಿ ಗಾಯಕರ ತಂಡ ನಡೆಸುತ್ತಿದ್ದವನು. ಮಗಳು ಚರ್ಚಿನ ಹಾಡಿಗಿಂತ ಬಿಲ್ಲಿ ಹಾಲಿಡೇ, ಡೈನಾ ವಾಷಿಂಗ್ಟನ್ ಎಂಬ ಜಾಝ್, ಬ್ಲೂಸ್ ಗಾಯಕಿಯರ ಕಡೆಗೆ ವಾಲಿದಳು. 17ಕ್ಕೆ ಜಿಮ್ಮಿ ಬ್ರೌನ್ ಎಂಬ ಟ್ರಂಪೆಟ್ ವಾದಕನ ಜೊತೆ ಮನೆ ಬಿಟ್ಟಳು. ಆತನಿಗೆ ಮೊದಲೇ ಮದುವೆಯಾಗಿತ್ತು ಅಂತ ಆಮೇಲೆ ಗೊತ್ತಾಯಿತು. ಹೆಸರು ಮಾತ್ರ ಉಳಿಯಿತು.

ಲಕ್ಕಿ ಮಿಲಿಂಡರ್ ಬ್ಯಾಂಡಿನಲ್ಲಿ ಸುಮಾರು ಒಂದು ತಿಂಗಳು ಹಾಡಿದ ಮೇಲೆ ವಾಷಿಂಗ್ಟನ್ನಿನಲ್ಲಿ ಕೆಲಸ ಹೋಯಿತು. ಊರಿಗೆ ಹೋಗಲೂ ದುಡ್ಡಿಲ್ಲ. ಕೈಹಿಡಿದವಳು ಜಾಝ್ ಗಾಯಕ ಕ್ಯಾಬ್ ಕ್ಯಾಲೊವೇಯ ಅಕ್ಕ ಬ್ಲಾಂಚ್. ತಾನು ನೋಡಿಕೊಳ್ಳುತ್ತಿದ್ದ ಕ್ಲಬ್ಬಿನಲ್ಲಿ ಹಾಡಿಸಿದಳು, ಮ್ಯಾನೇಜರೂ ಆದಳು. ಅಲ್ಲಿ ಕೇಳಿದ ರೇಡಿಯೋ ನಿರೂಪಕ ವಿಲಿಸ್ ಕಾನೋವರ್ ಅಟ್ಲಾಂಟಿಕ್ ರೆಕಾರ್ಡ್ಸ್‌ಗೆ ಸುದ್ದಿ ಮುಟ್ಟಿಸಿದ. ಟರ್ಕಿ ರಾಯಭಾರಿಯ ಮಗ ಅಹ್ಮತ್ ಎರ್ಟೆಗುನ್ ಮತ್ತು ಹರ್ಬ್ ಅಬ್ರಾಮ್ಸನ್ 1947ರಲ್ಲಷ್ಟೇ ಶುರು ಮಾಡಿದ್ದ ಪುಟ್ಟ ಕಂಪನಿ ಅದು. 1948ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿಗೆ ಹೊರಟಾಗ ಪೆನ್ಸಿಲ್ವೇನಿಯಾದ ಚೆಸ್ಟರ್ ಹತ್ತಿರ ಕಾರು ಅಪಘಾತವಾಗಿ ಎರಡೂ ಕಾಲು ಜಖಂ. ತಿಂಗಳುಗಟ್ಟಲೆ ಆಸ್ಪತ್ರೆ. 21 ತುಂಬಿದ ದಿನ ಹಾಸಿಗೆಯಲ್ಲೇ ಕರಾರಿಗೆ ಸಹಿ ಹಾಕಿದಳು. ಎರ್ಟೆಗುನ್ ಉಡುಗೊರೆಯಾಗಿ ತಂದದ್ದು ಸ್ವರಲಿಪಿ ಓದುವುದನ್ನು ಕಲಿಸುವ ಒಂದು ಪುಸ್ತಕ!

1949ರ ಮೇ 25ರಂದು ಊರುಗೋಲು ಊರಿಕೊಂಡೇ ಬಂದು 'ಸೋ ಲಾಂಗ್' ಹಾಡಿದಳು. ಕಪ್ಪು ಜನರ ನಡುವೆ ಗೆದ್ದ ರೆಕಾರ್ಡುಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂತು. ಆ ಪಟ್ಟಿಗೆ ಬಿಲ್‌ಬೋರ್ಡ್ ಪತ್ರಿಕೆ 'ರೇಸ್ ರೆಕಾರ್ಡ್ಸ್' ಎಂಬ ಹೆಸರು ಬಿಟ್ಟು 'ರಿದಮ್ ಅಂಡ್ ಬ್ಲೂಸ್' ಅಂತ ಹೆಸರಿಟ್ಟದ್ದು ಅದರ ಮರುತಿಂಗಳು. ಆ ಸಂಗೀತಕ್ಕೆ ಹೆಸರು, ಈಕೆಗೆ ರೆಕಾರ್ಡು, ಎರಡೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ.

ಆಕೆಗೆ ಇಷ್ಟವಿದ್ದದ್ದು ನಿಧಾನದ ಹಾಡು. ಕಂಪನಿಯವರ ಒತ್ತಾಯಕ್ಕೆ ವೇಗದ ಹಾಡಿಗೆ ಒಪ್ಪಿದಳು. ರೂಡಿ ಟೂಂಬ್ಸ್ ಬರೆದ 'ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್' 1950ರ ಕೊನೆಗೆ ಬಂದು 11 ವಾರ ಒಂದನೇ ಸ್ಥಾನದಲ್ಲಿ ಕೂತಿತು. 1952ರಲ್ಲಿ 'ಫೈವ್ ಟೆನ್ ಫಿಫ್ಟೀನ್ ಅವರ್ಸ್', 1953ರಲ್ಲಿ 'ಮಾಮಾ', 1954ರಲ್ಲಿ 'ಓ ವಾಟ್ ಎ ಡ್ರೀಮ್' ಮತ್ತು 'ಮ್ಯಾಂಬೋ ಬೇಬಿ', ಎಲ್ಲವೂ ಒಂದನೇ ಸ್ಥಾನ. 1949ರಿಂದ 1955ರವರೆಗೆ ಆಕೆಯ ಹಾಡುಗಳು ಪಟ್ಟಿಯಲ್ಲಿದ್ದದ್ದು ಒಟ್ಟು 149 ವಾರ. ಆ ದಿನಗಳಲ್ಲಿ ಕಂಪನಿಯ ಆಫೀಸೇ ಸ್ಟುಡಿಯೋ ಕೂಡ. ನ್ಯೂಯಾರ್ಕಿನ ವೆಸ್ಟ್ 56ನೇ ಬೀದಿಯ ಕಟ್ಟಡದಲ್ಲಿ ಸಂಜೆ ಮೇಜುಗಳನ್ನು ಗೋಡೆಗೆ ತಳ್ಳಿ ಮೈಕು ನಿಲ್ಲಿಸಿ ಟಾಮ್ ಡೌಡ್ ಧ್ವನಿಮುದ್ರಣ ಮಾಡುತ್ತಿದ್ದ. ಅಲ್ಲಿಂದ ಬೆಳೆದ ಕಂಪನಿಯನ್ನು ಜನ 'ರೂತ್ ಕಟ್ಟಿದ ಮನೆ' ಎಂದರು. ಬೇಬ್ ರೂತ್ ಎಂಬ ಬೇಸ್‌ಬಾಲ್ ಆಟಗಾರನಿಂದಾಗಿ ಯಾಂಕೀ ಸ್ಟೇಡಿಯಮ್‌ಗೆ ಇದ್ದ ಹೆಸರನ್ನೇ ಇಲ್ಲಿಗೂ ಅಂಟಿಸಿದ್ದು.

ಸರಿ, ಮನೆ ಕಟ್ಟಿದವಳಿಗೆ ಬಾಡಿಗೆ ಎಷ್ಟು ಬಂತು?

ಆಗ ಹಾಡುಗಾರರಿಗೆ ದುಡ್ಡು ಬರುವ ದಾರಿ ಹೀಗಿತ್ತು. ಒಂದು ಸೆಷನ್ ಅಂದರೆ 3 ಗಂಟೆ, 4 ಹಾಡು. ವಾದಕರಿಗೆ ಯೂನಿಯನ್ ದರ ತಲಾ 41 ಡಾಲರ್ ಚಿಲ್ಲರೆ, ಮುಖ್ಯಸ್ಥನಿಗೆ ಅದರ ಎರಡರಷ್ಟು. ಏಳು ವಾದಕರು, ಒಬ್ಬ ಮುಖ್ಯಸ್ಥ ಅಂದರೆ ಅಲ್ಲಿಗೇ 370 ಡಾಲರ್. ವಾದ್ಯ ಸಂಯೋಜನೆ ಬರೆದವನ ಕೂಲಿ, ಪ್ರತಿ ಇಳಿಸುವವನ ಕೂಲಿ ಬೇರೆ. ಈ ಖರ್ಚನ್ನು ಕಂಪನಿ ಮೊದಲು ಕೈಯಿಂದ ಹಾಕುತ್ತದೆ, ಆಮೇಲೆ ಹಾಡುಗಾರ್ತಿಯ ರಾಯಲ್ಟಿಯಲ್ಲಿ, ಅಂದರೆ ಮಾರಾಟದಿಂದ ಆಕೆಗೆ ಬರುವ ಪಾಲಿನಲ್ಲಿ, ಮುರಿದುಕೊಳ್ಳುತ್ತದೆ.

ರಾಯಲ್ಟಿ ಎಷ್ಟು? ರಿದಮ್ ಅಂಡ್ ಬ್ಲೂಸ್ ಹಾಡುಗಾರರಿಗೆ ಆಗ ನೂರಕ್ಕೆ 1ರಿಂದ 5ರವರೆಗೆ. ಉದಾಹರಣೆಗೆ 5 ಅಂತಲೇ ಇಟ್ಟುಕೊಳ್ಳೋಣ, ರೆಕಾರ್ಡಿನ ಬೆಲೆ 79 ಸೆಂಟ್. ನೂರು ಮಾರಿದರೆ 90ಕ್ಕೆ ಮಾತ್ರ ಲೆಕ್ಕ ಕೊಡುವುದು ವಾಡಿಕೆ, ಅರಗಿನ ರೆಕಾರ್ಡು ಒಡೆಯುತ್ತದೆ ಅನ್ನುವ ನೆಪ. ಹಾಗಾದರೆ ಒಂದು ರೆಕಾರ್ಡಿಗೆ ಮೂರೂವರೆ ಸೆಂಟ್, ಒಂದು ಲಕ್ಷ ಮಾರಿದರೆ ಸುಮಾರು 3,500 ಡಾಲರ್. ಪರವಾಗಿಲ್ಲ ಅನಿಸುತ್ತದೆ ಅಲ್ಲವೇ? ಮೋಸ ಇರುವುದು ಮುಂದಿನ ಸಾಲಿನಲ್ಲಿ. ಎಲ್ಲ ಹಾಡುಗಳಿಗೂ ಒಂದೇ ಖಾತೆ. ಗೆದ್ದ ಒಂದು ಹಾಡಿನ ಜಮೆಯನ್ನು ಸೋತ ಹತ್ತು ಹಾಡುಗಳ ಖರ್ಚು ತಿನ್ನುತ್ತದೆ. ನಡುವೆ ಪ್ರವಾಸಕ್ಕೋ ಬಟ್ಟೆಗೋ ಮುಂಗಡ ತೆಗೆದುಕೊಂಡಿದ್ದರೆ ಅದೂ ಅದೇ ಖಾತೆಗೆ. ಎಷ್ಟು ಮಾರಿತು ಎಂದು ಹೇಳುವವರು ಕಂಪನಿಯವರೇ, ನೋಡಿ ಹೇಳುವವರು ಇನ್ನೊಬ್ಬರಿಲ್ಲ. ಪೆಟ್ಟಿಗೆಯೊಳಗೆ ಇಣುಕಿ ಚಿತ್ರ ನೋಡುವ ಬೊಂಬಾಯಿ ಆಟದಲ್ಲಿ ಇಣುಕುವ ಹಕ್ಕು ಆಡಿಸುವವನಿಗೆ ಮಾತ್ರ ಇದ್ದಿದ್ದರೆ ಹೇಗೋ ಹಾಗೆ.

ರೇಡಿಯೋದಿಂದ? ಒಂದು ಸೆಂಟೂ ಇಲ್ಲ. ಅಮೆರಿಕದಲ್ಲಿ ರೇಡಿಯೋ ಸ್ಟೇಷನ್ ದುಡ್ಡು ಕೊಡುವುದು ಹಾಡು ಬರೆದವರಿಗೆ, ಪ್ರಕಾಶಕರಿಗೆ. ಹಾಡಿದವರಿಗಲ್ಲ. 'ಟಿಯರ್‌ಡ್ರಾಪ್ಸ್' ಎಷ್ಟು ಸಲ ಗಾಳಿಯಲ್ಲಿ ಬಂದರೂ ಅದು ಟೂಂಬ್ಸ್ ಪಾಲು. 'ಓ ವಾಟ್ ಎ ಡ್ರೀಮ್' ಹಾಡನ್ನು ಅದೇ 1954ರಲ್ಲಿ ಪ್ಯಾಟಿ ಪೇಜ್ ಎಂಬ ಬಿಳಿಯ ಗಾಯಕಿ ಹಾಡಿ ಬಿಳಿಯರ ಮಾರುಕಟ್ಟೆಗೆ ಬಿಟ್ಟಳು. ಒಮ್ಮೆ ರೆಕಾರ್ಡಾದ ಹಾಡನ್ನು ಯಾರು ಬೇಕಾದರೂ ಮತ್ತೆ ಹಾಡಬಹುದು, ರೆಕಾರ್ಡಿಗೆ 2 ಸೆಂಟ್ ಹಾಡಿನ ಹಕ್ಕುದಾರರಿಗೆ ಕೊಟ್ಟರೆ ಸಾಕು ಅನ್ನುವುದು ಆಗಿನ ಕಾನೂನು. ಮೊದಲು ಹಾಡಿದವಳಿಗೆ ಸೊನ್ನೆ. ಹಾಗಾಗಿ ಆಕೆಯ ಸಂಪಾದನೆ ಎಲ್ಲ ರಸ್ತೆಯ ಮೇಲೆ. ದಕ್ಷಿಣದ ರಾಜ್ಯಗಳಲ್ಲಿ ತಂಬಾಕಿನ ಗೋದಾಮುಗಳಲ್ಲಿ ಕಾರ್ಯಕ್ರಮ, ನಡುವೆ ಹಗ್ಗ ಕಟ್ಟಿ ಒಂದು ಕಡೆ ಕಪ್ಪು ಜನ, ಇನ್ನೊಂದು ಕಡೆ ಬಿಳಿ ಜನ.

1960ರ ದಶಕ ಶುರುವಾಗುವ ಹೊತ್ತಿಗೆ ಅಟ್ಲಾಂಟಿಕ್ ಬಿಟ್ಟಳು. ಮುಂದಿನ ವರ್ಷಗಳಲ್ಲಿ ಲಾಂಗ್ ಐಲ್ಯಾಂಡಿನಲ್ಲಿ ಇಬ್ಬರು ಗಂಡು ಮಕ್ಕಳನ್ನು ಸಾಕುತ್ತ ಶಾಲೆಯ ಬಸ್ ಓಡಿಸಿದಳು, ಮನೆಗೆಲಸ ಮಾಡಿದಳು. ಹಳೆಯ ರೆಕಾರ್ಡುಗಳು ಹೊಸ ಹೊದಿಕೆಯಲ್ಲಿ ಮತ್ತೆ ಮಾರಾಟವಾಗುತ್ತಲೇ ಇದ್ದವು. 1970ರ ದಶಕದ ನಡುವೆ ಹಾಸ್ಯನಟ ರೆಡ್ ಫಾಕ್ಸ್ ನೆರವಿನಿಂದ ಮತ್ತೆ ವೇದಿಕೆಗೆ ಬಂದಳು.

1980ರ ದಶಕದಲ್ಲಿ ಹಾವೆಲ್ ಬೆಗಲ್ ಎಂಬ ವಾಷಿಂಗ್ಟನ್ ವಕೀಲ ಹಳೆಯ ಆಲ್ಬಂ ಹಿಡಿದು ಹಸ್ತಾಕ್ಷರಕ್ಕೆ ಬಂದ, ಬರೀ ಅಭಿಮಾನಿಯಾಗಿ. ಇದರಿಂದ ನನಗೇನೂ ಬರುವುದಿಲ್ಲ ಅಂತ ರೂತ್ ಹೇಳಿದ್ದೇ ಕೇಸಿನ ಆರಂಭ. ಲೆಕ್ಕ ಕೇಳಿದರೆ ಬಂದ ಉತ್ತರ: ಆಕೆಗೆ ಕೊಡಬೇಕಾದ್ದೇನೂ ಇಲ್ಲ, ಆಕೆಯೇ ಕಂಪನಿಗೆ ಬಾಕಿ! ನೇರ ಕೋರ್ಟಿಗೆ ಹೋಗುವುದೂ ಸುಲಭವಿರಲಿಲ್ಲ. ನ್ಯೂಯಾರ್ಕಿನಲ್ಲಿ ಕರಾರು ಮುರಿದ ದಾವೆಗೆ 6 ವರ್ಷದ ಗಡುವು. ಅದರ ಹಿಂದಿನದೆಲ್ಲ ಕಾನೂನಿನ ಕಣ್ಣಿನಲ್ಲಿ ಸತ್ತ ಲೆಕ್ಕ. ಬೆಗಲ್ ಪತ್ರಿಕೆ, ಟಿವಿ, ಸಂಸತ್ತು, ಎಲ್ಲ ಕಡೆಯಿಂದ ಒತ್ತಡ ತಂದ, ಶುಲ್ಕ ತೆಗೆದುಕೊಳ್ಳದೆ. ಅಟ್ಲಾಂಟಿಕ್‌ಗೆ 1988ರ ಮೇ ತಿಂಗಳಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 40ನೇ ವರ್ಷದ ದೊಡ್ಡ ಕಾರ್ಯಕ್ರಮವಿತ್ತು. ಹಳೆಯ ಹಾಡುಗಾರರೆಲ್ಲ ವೇದಿಕೆ ಮೇಲೆ ಬೇಕು, ಅವರ ಬಾಯಲ್ಲಿ ಈ ಮಾತು ಬರಬಾರದು! ಆ ಹೊತ್ತಿಗೆ ಕಂಪನಿ ಮಣಿಯಿತು. ರೂತ್ ಜೊತೆಗೆ ಇನ್ನೂ ಮೂವತ್ತಕ್ಕೂ ಹೆಚ್ಚು ಕಲಾವಿದರ ಹಳೆಯ ಬಾಕಿ ಮನ್ನಾ ಮಾಡಿ, 20 ವರ್ಷ ಹಿಂದಿನಿಂದ ರಾಯಲ್ಟಿ ಕೊಡಲು ಒಪ್ಪಿತು. ಅದೇ ವರ್ಷ ಅದರದೇ ದುಡ್ಡಿನಿಂದ ಶುರುವಾದದ್ದು ರಿದಮ್ ಅಂಡ್ ಬ್ಲೂಸ್ ಫೌಂಡೇಶನ್, ಕಾಯಿಲೆ ಬಿದ್ದ, ಕೈ ಖಾಲಿಯಾದ ಹಳೆಯ ಕಲಾವಿದರಿಗೆ ನೆರವಿಗೆ.

ಎರ್ಟೆಗುನ್ನನ್ನು ಬರೀ ಖಳನಾಯಕ ಮಾಡಿ ಮುಗಿಸುವವರ ಜೊತೆಗೂ ನಾನಿಲ್ಲ. ಕಾಲು ಮುರಿದುಕೊಂಡ, ಒಂದು ಹಾಡೂ ರೆಕಾರ್ಡ್ ಆಗದ ಹುಡುಗಿಗೆ ಕಾದು ಕೂತ ಕಂಪನಿ ಅದು. ಕಿವಿ ಒಳ್ಳೆಯದಿತ್ತು. ಲೆಕ್ಕ ಮಾತ್ರ ಆ ಕಾಲದ ಎಲ್ಲರ ಲೆಕ್ಕದ ಹಾಗೇ ಇತ್ತು.

1989ರಲ್ಲಿ 'ಬ್ಲ್ಯಾಕ್ ಅಂಡ್ ಬ್ಲೂ' ನಾಟಕಕ್ಕೆ ಟೋನಿ ಎಂಬ ರಂಗಭೂಮಿ ಪ್ರಶಸ್ತಿ, ಮರುವರ್ಷ ಗ್ರ್ಯಾಮಿ, 1993ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್. ತೀರಿಕೊಂಡದ್ದು 2006ರ ನವೆಂಬರ್ 17, 78ನೇ ವಯಸ್ಸಿನಲ್ಲಿ.

ಕೇಳುವವರಿಗೆ ಒಂದು ಎಚ್ಚರಿಕೆ. ಆ ಕಾಲದ ಹಾಡುಗಾರರು ಬೇರೆ ಕಂಪನಿಗಳಿಗೆ ತಮ್ಮ ಹಿಟ್‌ಗಳನ್ನು ಮತ್ತೆ ಹಾಡಿಕೊಟ್ಟದ್ದುಂಟು, ಆ್ಯಪ್‌ಗಳಲ್ಲಿ ಎರಡೂ ಕಲಸಿಹೋಗಿರುತ್ತವೆ. ಅಟ್ಲಾಂಟಿಕ್ ಹೆಸರಿರುವ ಮೋನೋ, ಅಂದರೆ ಎಡ-ಬಲ ಭೇದವಿಲ್ಲದ ಒಂದೇ ಜಾಡಿನ, ರೆಕಾರ್ಡಿಂಗನ್ನೇ ಹುಡುಕಿ. 'ಮಾಮಾ' ಹಾಡಿನಲ್ಲಿ ಟ್ಯಾಂಬೊರಿನ್ ಸದ್ದು ಕಿವಿಗೆ ಹತ್ತಿರದಲ್ಲೇ ಕೇಳಬೇಕು.

ದುಡ್ಡಿನ ವಿಷಯ ಪೂರ್ತಿ ಬಗೆಹರಿದಿಲ್ಲ. 1972ರ ಫೆಬ್ರವರಿ 15ಕ್ಕಿಂತ ಹಿಂದಿನ ಧ್ವನಿಮುದ್ರಣಕ್ಕೆ ಅಮೆರಿಕದ ಕೇಂದ್ರ ಕಾನೂನಿನಲ್ಲಿ ರಕ್ಷಣೆಯೇ ಇರಲಿಲ್ಲ. 2018ರ ತಿದ್ದುಪಡಿಯ ಮೇಲೆ ಇಂಟರ್ನೆಟ್ ರೇಡಿಯೋದಲ್ಲಿ 'ಮಾಮಾ' ಬಂದರೆ ಆ ಶುಲ್ಕದ ನೂರಕ್ಕೆ 45 ಪಾಲು ಹಾಡಿದವಳ ಲೆಕ್ಕಕ್ಕೆ ಹೋಗುತ್ತದೆ, ಕಂಪನಿಯ ಹಳೆಯ ಬಾಕಿಗೆ ಮುರಿಯದೆ. ಅದೇ ಹಾಡನ್ನು ಪಕ್ಕದ ಎಫ್‌ಎಂ ಸ್ಟೇಷನ್ ಹಾಕಿದರೆ ಇವತ್ತಿಗೂ ಸೊನ್ನೆ.