ಅಮಾಲಿಯಾ ಬಿಟ್ಟುಬಂದ ಕೋಣೆ

ಮೊನ್ನೆ ಮಗಳನ್ನು ಹಾಸ್ಟೆಲಿಗೆ ಬಿಟ್ಟುಬಂದೆ. ಹಾಸಿಗೆ ಸುತ್ತಿಕೊಂಡು, ಬಕೆಟ್ಟಿನೊಳಗೆ ಚಟ್ನಿಪುಡಿಯ ಡಬ್ಬಿ ಇಟ್ಟುಕೊಂಡು ಮೆಟ್ಟಿಲು ಹತ್ತಿದ ಅವಳು, ಕೋಣೆಯ ಬೀಗದ ಕೈ ತನ್ನ ಕೈಗೆ ಬಂದಾಗ ಹಿಗ್ಗಿದ ಪರಿಯನ್ನು ಕಂಡು ನನಗೆ ನೆದರ್‌ಲ್ಯಾಂಡ್ಸ್‌ನ ರಾಜಕುಮಾರಿ ಕ್ಯಾಥರೀನಾ-ಅಮಾಲಿಯಾಳ ನೆನಪಾಯಿತು. ಅಂಥದೇ ಒಂದು ಕೋಣೆ ಆಕೆಗೂ ಸಿಕ್ಕಿತ್ತು. ಕೆಲವೇ ವಾರಗಳಲ್ಲಿ ಕೈತಪ್ಪಿತು.

2003ರ ಡಿಸೆಂಬರ್ 7ರಂದು ಹೇಗ್ ನಗರದಲ್ಲಿ ಹುಟ್ಟಿದ ಅಮಾಲಿಯಾ, ದೊರೆ ವಿಲ್ಲೆಮ್-ಅಲೆಕ್ಸಾಂಡರ್ ಮತ್ತು ರಾಣಿ ಮ್ಯಾಕ್ಸಿಮಾ ಅವರ ಮೂವರು ಹೆಣ್ಣುಮಕ್ಕಳಲ್ಲಿ ಹಿರಿಯಳು. 2013ರ ಏಪ್ರಿಲ್ 30ರಂದು ಅಜ್ಜಿ ಬಿಯಾಟ್ರಿಕ್ಸ್ ಪಟ್ಟ ಬಿಟ್ಟುಕೊಟ್ಟಾಗ, ಒಂಬತ್ತು ವರ್ಷದ ಈ ಹುಡುಗಿ ಸಿಂಹಾಸನದ ಉತ್ತರಾಧಿಕಾರಿಯಾದಳು. ಆ ವಯಸ್ಸಿನ ಮಗುವಿಗೆ ಹೂಂ ಎನ್ನುವ, ಒಲ್ಲೆ ಎನ್ನುವ ಅವಕಾಶವಾದರೂ ಎಲ್ಲಿಯದು?

ಆಕೆಯ ಮೇಲೆ ನನಗೆ ಗೌರವ ಮೂಡಿಸಿದ್ದು 2021ರ ಜೂನ್‌ನಲ್ಲಿ ಪ್ರಧಾನಿ ಮಾರ್ಕ್ ರುಟ್ಟೆ ಅವರಿಗೆ ಆಕೆ ಕೈಯಾರೆ ಬರೆದ ಪತ್ರ. ಹದಿನೆಂಟು ತುಂಬಿದೊಡನೆ ವರ್ಷಕ್ಕೆ ಸುಮಾರು 16 ಲಕ್ಷ ಯೂರೋ ಸರ್ಕಾರದಿಂದ ಆಕೆಗೆ ಸಲ್ಲಬೇಕಿತ್ತು. ಪ್ರತಿಯಾಗಿ ತಾನೇನೂ ಮಾಡದಿರುವಾಗ, ಅದರಲ್ಲೂ ಕೊರೋನಾದ ದಿನಗಳಲ್ಲಿ ಇತರ ವಿದ್ಯಾರ್ಥಿಗಳು ಅಷ್ಟು ಕಷ್ಟಪಡುತ್ತಿರುವಾಗ, ಆ ಹಣ ಪಡೆಯಲು ಮನಸ್ಸು ಒಪ್ಪುವುದಿಲ್ಲವೆಂದು ಆಕೆ ತಿಳಿಸಿದಳು. ಅರಮನೆಯ ಹುಡುಗಿಗೆ ಇದೇನು ಮಹಾ ತ್ಯಾಗ ಎಂದವರಿದ್ದಾರೆ. ನಾನು ಹಾಗೆ ನೋಡಲಾರೆ. ತಾನಾಗಿ ಬಾಗಿಲಿಗೆ ಬರುವ ಹಣ ತನ್ನ ದುಡಿಮೆಯದಲ್ಲವೆಂದು ಹದಿನೇಳನೆಯ ವಯಸ್ಸಿಗೇ ಅನ್ನಿಸುವುದು ಸಣ್ಣ ವಿವೇಕವಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಆಕೆ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯ ಸೇರಿ ರಾಜಕೀಯ, ಮನಶ್ಶಾಸ್ತ್ರ, ಕಾನೂನು, ಅರ್ಥಶಾಸ್ತ್ರಗಳನ್ನು ಒಟ್ಟಾಗಿ ಓದತೊಡಗಿದಳು. ಇತರ ವಿದ್ಯಾರ್ಥಿಗಳ ಜೊತೆ ಒಂದೇ ಮನೆಯಲ್ಲಿದ್ದಳು. ಅಷ್ಟರಲ್ಲೇ ಸಂಘಟಿತ ಅಪರಾಧಿಗಳಿಂದ ಅಪಾಯವಿದೆಯೆಂಬ ವರದಿಗಳು ಬಂದವು. ಅದನ್ನು ಬರಿಯ ಗುಲ್ಲೆಂದು ತಳ್ಳಿಹಾಕುವಂತಿರಲಿಲ್ಲ, ಏಕೆಂದರೆ ಹಿಂದಿನ ವರ್ಷದ ಜುಲೈನಲ್ಲಷ್ಟೇ ಅದೇ ನಗರದ ಬೀದಿಯಲ್ಲಿ ಅಪರಾಧ ಪತ್ರಕರ್ತ ಪೀಟರ್ ಆರ್. ಡಿ ವ್ರೀಸ್ ಅವರನ್ನು ಗುಂಡಿಕ್ಕಿ ಕೊಂದಿದ್ದರು. ಅಮಾಲಿಯಾ ಗಂಟುಮೂಟೆ ಕಟ್ಟಿ ಹೇಗ್‌ನ ಅರಮನೆಗೆ ಮರಳಬೇಕಾಯಿತು. ಅಕ್ಟೋಬರ್‌ನಲ್ಲಿ ಸ್ವೀಡನ್ ಪ್ರವಾಸದಲ್ಲಿದ್ದ ಮ್ಯಾಕ್ಸಿಮಾ, ಮಗಳು ಮನೆಯಿಂದ ಹೊರಗೆ ಕಾಲಿಡುವುದೇ ಅಪರೂಪವಾಗಿದೆ, ಉಳಿದವರಿಗಿರುವ ವಿದ್ಯಾರ್ಥಿ ಜೀವನ ಅವಳಿಗಿಲ್ಲ ಎಂದು ಪತ್ರಕರ್ತರೆದುರು ಗದ್ಗದಿತರಾದರು. ಅಲ್ಲಿ ನನಗೆ ಕಂಡದ್ದು ರಾಣಿಯಲ್ಲ, ಒಬ್ಬ ತಾಯಿ.

ಆಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮ್ಯಾಡ್ರಿಡ್‌ನಲ್ಲಿ ಇದ್ದುಕೊಂಡು ಓದು ಮುಂದುವರಿಸಿದ್ದಳೆಂಬುದು 2024ರ ಏಪ್ರಿಲ್‌ನಲ್ಲಿ, ಸ್ಪೇನ್‌ನ ದೊರೆ ನೆದರ್‌ಲ್ಯಾಂಡ್ಸ್‌ಗೆ ಬಂದಾಗಷ್ಟೇ ಹೊರಬಿತ್ತು. ಮುಂದೊಂದು ದಿನ ಯಾವ ದೇಶದ ರಾಣಿಯಾಗಬೇಕೋ ಆ ದೇಶದ ಬೀದಿಯಲ್ಲಿ ಸೈಕಲ್ ತುಳಿಯಲಾಗದೆ, ಪರದೇಶದಲ್ಲಿ ನೆಮ್ಮದಿಯಾಗಿ ನಡೆದಾಡಬೇಕಾಗಿ ಬಂದದ್ದು ನನಗೆ ಬಹಳ ನೋವು ತಂದ ಸಂಗತಿ. ಅರಸೊತ್ತಿಗೆ ಇರಬೇಕೇ ಬೇಡವೇ ಎಂಬುದನ್ನು ಡಚ್ ಜನ ತೀರ್ಮಾನಿಸಲಿ, ಅದು ಅವರ ಹಕ್ಕು. ಆದರೆ ಹುಟ್ಟಿನಿಂದ ಬಂದ ಸ್ಥಾನಕ್ಕಾಗಿ ಒಬ್ಬ ಹುಡುಗಿಯನ್ನು ಪಾತಕಿಗಳು ಮನೆಯೊಳಗೆ ಕೂರಿಸುವುದನ್ನು, ಸವಲತ್ತು ಅನುಭವಿಸುವವರು ತೆರಬೇಕಾದ ಬೆಲೆಯೆಂದು ಕೆಲವರು ಸಲೀಸಾಗಿ ಹೇಳುವುದನ್ನು ಕೇಳಿದರೆ ಸಂಕಟವಾಗುತ್ತದೆ.

ಪದವಿ ಮುಗಿಸಿದ ಅಮಾಲಿಯಾ 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಸೇರಿದ್ದಾಳೆ. ಓದಿನ ಜೊತೆಗೆ ಸೈನಿಕ ತರಬೇತಿಯನ್ನೂ ಪಡೆಯುತ್ತಿದ್ದಾಳೆ. ತನ್ನನ್ನು ಹೊರಡಿಸಿದ ಊರಿಗೇ ಓದಲು ಮರಳಿದಳಲ್ಲ, ಆ ಸುದ್ದಿ ಓದಿದ ದಿನ ನನ್ನ ಮನಸ್ಸು ಹಗುರಾಗಿತ್ತು.