ಸ್ಪಷ್ಟನೆ: ಸೀವರ್ಲ್ಡ್ ತನ್ನ ಓರ್ಕಾಗಳನ್ನು (ಕಿಲ್ಲರ್ ವೇಲ್‌ಗಳನ್ನು) ಸಮುದ್ರಕ್ಕೆ ಬಿಟ್ಟಿಲ್ಲ

'ಬ್ಲ್ಯಾಕ್‌ಫಿಶ್ ಸಾಕ್ಷ್ಯಚಿತ್ರ ನೋಡಿ ಜನ ರೊಚ್ಚಿಗೆದ್ದರು. ಅಮೆರಿಕದ ಸೀವರ್ಲ್ಡ್ ತನ್ನ ಕಿಲ್ಲರ್ ವೇಲ್‌ಗಳನ್ನೆಲ್ಲ ಸಮುದ್ರಕ್ಕೆ ಬಿಟ್ಟಿತು. ತಿಲಿಕುಮ್ ಈಗ ಐಸ್‌ಲ್ಯಾಂಡ್ ಕಡಲಲ್ಲಿ ಆರಾಮಾಗಿದೆ' ಅನ್ನೋ ಮೆಸೇಜ್ ಓಡಾಡುತ್ತಿದೆ. ಇದು ನಿಜವಲ್ಲ. ಸೀವರ್ಲ್ಡ್ ಅಂದರೆ ಕಡಲ ಪ್ರಾಣಿಗಳನ್ನು ಇಟ್ಟು ತೋರಿಸುವ ಮನರಂಜನಾ ಪಾರ್ಕ್. ಅಲ್ಲಿದ್ದ ತಿಲಿಕುಮ್ ಎಂಬ ಓರ್ಕಾದ ಕಥೆಯೇ ಬ್ಲ್ಯಾಕ್‌ಫಿಶ್.

ತಿಲಿಕುಮ್‌ನನ್ನು ಐಸ್‌ಲ್ಯಾಂಡ್ ಬಳಿ ಹಿಡಿದದ್ದು 1983ರಲ್ಲಿ. ಆಗ ಅದಿನ್ನೂ ಎರಡು ವರ್ಷದ ಮರಿ. ಆಮೇಲೆ ಅದಕ್ಕೆ ಬಿಡುಗಡೆ ಸಿಗಲೇ ಇಲ್ಲ. 2017ರ ಜನವರಿ 6ರಂದು ಆರ್ಲ್ಯಾಂಡೊದ ಸೀವರ್ಲ್ಡ್‌ನಲ್ಲೇ ಸತ್ತಿತು. ಇದನ್ನು ಸೀವರ್ಲ್ಡ್ ತಾನೇ ಪ್ರಕಟಿಸಿದೆ. ತಿಲಿಕುಮ್‌ನ ಫೋಟೊ ಒಮ್ಮೆ ನೋಡಿ. ಆಳೆತ್ತರಕ್ಕೆ ನೆಟ್ಟಗೆ ನಿಲ್ಲಬೇಕಿದ್ದ ಬೆನ್ನಿನ ರೆಕ್ಕೆ ಪೂರ್ತಿ ಒಂದು ಪಕ್ಕಕ್ಕೆ ಸುರುಟಿಕೊಂಡು ಬಿದ್ದಿದೆ. ಸಂಕಟವಾಗುತ್ತದೆ.

ಸಾಕ್ಷ್ಯಚಿತ್ರ ಬಂದದ್ದು 2013ರಲ್ಲಿ. ಜನರ ಒತ್ತಡ ಜಾಸ್ತಿಯಾದ ಮೇಲೆ, 2016ರ ಮಾರ್ಚ್‌ನಲ್ಲಿ ಸೀವರ್ಲ್ಡ್ ಓರ್ಕಾಗಳಿಗೆ ಇನ್ನು ಮರಿ ಮಾಡಿಸುವುದಿಲ್ಲ ಎಂದು ಘೋಷಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಇದನ್ನೇ ಕಾನೂನು ಮಾಡಿದರು. ಅದು ದೊಡ್ಡ ಗೆಲುವೇ, ಅನುಮಾನವಿಲ್ಲ. ಆದರೆ ಆಗ ಅಲ್ಲಿದ್ದ ಓರ್ಕಾಗಳು ಕೊಳದಲ್ಲೇ ಉಳಿಯಬೇಕೆಂದೂ ಆ ಘೋಷಣೆಯಲ್ಲೇ ಇತ್ತು.

ಗೊಂದಲಕ್ಕೆ ಕಾರಣ ಬಹುಶಃ ಕೈಕೊ ಎಂಬ ಬೇರೆ ಓರ್ಕಾ. ಅದನ್ನು ಐಸ್‌ಲ್ಯಾಂಡ್‌ನಲ್ಲಿ ಕಡಲಿಗೆ ಬಿಟ್ಟದ್ದು ನಿಜ, 2002ರಲ್ಲಿ. ಮರುವರ್ಷ ನಾರ್ವೆಯಲ್ಲಿ ತೀರಿಕೊಂಡಿತು. ಅದಕ್ಕೂ ಬ್ಲ್ಯಾಕ್‌ಫಿಶ್‌ಗೂ ಸಂಬಂಧವಿಲ್ಲ.

ದಯವಿಟ್ಟು ಆ ಮೆಸೇಜನ್ನು ಮುಂದೆ ಕಳಿಸಬೇಡಿ. ಎಲ್ಲ ಬಿಡುಗಡೆಯಾಯಿತು ಅಂದುಕೊಂಡರೆ, ಇನ್ನೂ ಒಳಗಿರುವವುಗಳ ಬಗ್ಗೆ ಯಾರು ಕೇಳುತ್ತಾರೆ, ಅಲ್ವಾ?